ದೊರೆ ಹೋದ ಮೇಲಿನ ಇಗರ್ಜಿ

ಅಂಧೇರಿ ಪೂರ್ವದ ಸೀಪ್ಜ್ ಎಂಬ ರಫ್ತು ವಲಯದೊಳಕ್ಕೆ ದಿನವೂ ಸಾವಿರಾರು ಜನ ಗುರುತಿನ ಚೀಟಿ ತೋರಿಸಿ ಹೋಗುತ್ತಾರೆ. 1973ರಲ್ಲಿ ಶುರುವಾದ ಈ ವಲಯದಲ್ಲಿ ವಜ್ರದ ಒಡವೆ ಮಾಡುವ ಕಾರ್ಖಾನೆಗಳಿವೆ, ಸಾಫ್ಟ್‌ವೇರ್ ಕಂಪನಿಗಳಿವೆ. ಇವುಗಳ ನಡುವೆ ಚಾವಣಿ ಕಳೆದುಕೊಂಡ ಒಂದು ಕಲ್ಲಿನ ಇಗರ್ಜಿಯೂ ಇದೆ. ಜೆಸುಯಿಟ್ ಪಾದ್ರಿಗಳು 1579ರಲ್ಲಿ ಸ್ನಾನಿಕ ಯೊವಾನ್ನರ ಹೆಸರಿನಲ್ಲಿ ಕಟ್ಟಿಸಿದ್ದು. ಆಗ ಇದು ಕೊಂಡಿವಿಟೆ ಎಂಬ ಗದ್ದೆಯ ಊರು. 1840ರಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿದು, ಉಳಿದವರು ಪಕ್ಕದ ಮರೋಳಕ್ಕೆ ಒಕ್ಕಲೆದ್ದರು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಇಗರ್ಜಿಯ ಕಂಬಗಳನ್ನೂ ಪ್ರತಿಮೆಗಳನ್ನೂ ಮಕ್ಕಳಿಗೆ ಜ್ಞಾನಸ್ನಾನ ಕೊಡುವ ಕಲ್ಲಿನ ತೊಟ್ಟಿಯನ್ನೂ ಹೊತ್ತುಕೊಂಡು ಹೋಗಿ ಮರೋಳದ ಹೊಸ ಇಗರ್ಜಿಗೆ ಜೋಡಿಸಿದರು. ಹಳೆಯ ಕಟ್ಟಡವನ್ನು ಮಳೆಗೂ ಮರದ ಬೇರಿಗೂ ಬಿಟ್ಟುಕೊಟ್ಟರಾದರೂ ಮರೆಯಲಿಲ್ಲ. ಸುತ್ತಲಿನ ಹಳೆಯ ಊರುಗಳ ಕ್ರೈಸ್ತರು ವರ್ಷಕ್ಕೊಮ್ಮೆ ಅಪ್ಪಣೆ ಪಡೆದು ಆ ಬಯಲು ಗೋಡೆಗಳ ನಡುವೆ ಪೂಜೆ ಸಲ್ಲಿಸಿ ಬರುತ್ತಾರೆ.

ಈ ಜನರನ್ನು ಕುರಿತು ಬಹಳ ಕಾಲದಿಂದ ಒಂದು ಅನುಮಾನವಿದೆ. ಪೋರ್ಚುಗೀಸರ ಕಾಲದಲ್ಲಿ ಊರಿಗೆ ಊರೇ ನೀರು ಚಿಮುಕಿಸಿಕೊಂಡು ಕ್ರೈಸ್ತರಾದವರು ಇವರು, ಇವರಲ್ಲಿ ಎಷ್ಟು ಮಂದಿಗೆ ತಾವು ಒಪ್ಪಿದ್ದು ಏನೆಂದು ತಿಳಿದಿತ್ತು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಿಂದೂ ಟೀಕಾಕಾರರು ಕೇಳಿದ್ದಾರೆ, ಪ್ರೊಟೆಸ್ಟಂಟ್ ಮಿಷನರಿಗಳು ಕೇಳಿದ್ದಾರೆ, ಕೆಲವೊಮ್ಮೆ ಕೆಥೊಲಿಕ್ ಪಾದ್ರಿಗಳೇ ಕೇಳಿದ್ದಾರೆ. ಮೂವರ ಮನಸ್ಸಿನಲ್ಲೂ ಇದ್ದದ್ದು ಒಂದೇ ಎಣಿಕೆ: ಕ್ರೈಸ್ತನಾಗುವುದೆಂದರೆ ಒಂದು ಗಳಿಗೆಯ ತೀರ್ಮಾನ, ಆ ತೀರ್ಮಾನ ಶುದ್ಧವಾಗಿದ್ದರೆ ಕ್ರೈಸ್ತ, ಇಲ್ಲವಾದರೆ ಹೆಸರಿಗೆ ಮಾತ್ರ. ಅಂಧೇರಿಯ ಸುತ್ತಲಿನ ಊರುಗಳ ಚರಿತ್ರೆ ಬೇರೆಯೇ ಹೇಳುತ್ತದೆ ಎಂಬುದು ನನ್ನ ವಾದ. ಒಬ್ಬ ಮನುಷ್ಯ, ಒಂದು ಊರು, ಯಾವ ಕಾರಣಕ್ಕೆ ಕ್ರೈಸ್ತವಾಯಿತು ಎಂಬುದಕ್ಕಿಂತ, ಆ ಕಾರಣ ತಪ್ಪಿಹೋದ ಮೇಲೆ ಏನು ಮಾಡಿತು ಎಂಬುದೇ ಹೆಚ್ಚು ನಂಬಬಹುದಾದ ಸಾಕ್ಷ್ಯ. ದೊರೆಯ ಭಯವೂ ದೊರೆಯ ಆಸೆಯೂ ಇಲ್ಲದಾಗ ಏನನ್ನು ಹೊತ್ತುಕೊಂಡು ಹೋದರು, ಯಾರನ್ನು ಜೊತೆಗೆ ಕೂರಿಸಿಕೊಂಡರು, ಯಾರನ್ನು ಹೊರಗೆ ನಿಲ್ಲಿಸಿದರು ಎಂದು ನೋಡಬೇಕು. ಹಾಗೆ ನೋಡಿದರೆ ಈ ಜನ ಕೆಲವು ಕಡೆ ಗೆಲ್ಲುತ್ತಾರೆ, ಒಂದು ಕಡೆ ಸೋಲುತ್ತಾರೆ. ಅವರು ಸೋತ ಜಾಗ ಟೀಕಾಕಾರರು ಬೆರಳು ಮಾಡಿದ ಜಾಗವಲ್ಲ.

ಮೊದಲು, ಕ್ರೈಸ್ತರಾದ ಬಗೆಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಗುಜರಾತಿನ ಸುಲ್ತಾನ ಬಹಾದೂರ ಶಹಾ 1534ರಲ್ಲಿ ವಸಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟಾಗ ಸಾಷ್ಟಿ ದ್ವೀಪವೂ ಅವರ ಕೈಗೆ ಬಂತು. (ಗೋವೆಯಲ್ಲೂ ಒಂದು ಸಾಷ್ಟಿ ಇದೆ, ಇಲ್ಲಿ ಹೇಳುತ್ತಿರುವುದು ಬಾಂದ್ರಾದಿಂದ ಠಾಣೆಯವರೆಗಿನ, ಇಂದು ಮುಂಬಯಿಯ ಉಪನಗರಗಳೆಲ್ಲ ಕೂತಿರುವ ಸಾಷ್ಟಿ.) ಸೈನ್ಯದ ಬೆನ್ನಿಗೇ ಫ್ರಾನ್ಸಿಸ್ಕನ್ನರು ಬಂದರು. ಅವರಲ್ಲಿ ಅಂತೋನಿಯೊ ದೊ ಪೋರ್ತೊ ಎಂಬಾತ ಬೊರಿವಲಿಯ ಮಂಡಪೇಶ್ವರದ ಶೈವ ಗುಹಾಲಯವನ್ನೇ ಇಗರ್ಜಿಯಾಗಿ ಮಾರ್ಪಡಿಸಿದ. ಹಿಂದೆ ದೇವಾಲಯಗಳಿಗೆ ನಡೆಯುತ್ತಿದ್ದ ಉಂಬಳಿಯ ಆದಾಯ ಮಠಗಳಿಗೆ ತಿರುಗಿತು. ಆಮೇಲೆ ಬಂದ ಜೆಸುಯಿಟರು ಇಂದಿನ ಪವಯಿ, ವಿಹಾರ ಕೆರೆಗಳ ಆಸುಪಾಸಿನಲ್ಲಿ ಹೊಸ ಕ್ರೈಸ್ತರಿಗೆಂದೇ ತ್ರಿತ್ವದ ಹೆಸರಿನ ಒಂದು ಹಳ್ಳಿ ಕಟ್ಟಿ, ಎತ್ತು ನೇಗಿಲು ಕೊಟ್ಟು ಬೇಸಾಯಕ್ಕೆ ಹಚ್ಚಿದರು. ತಂದೆತಾಯಿ, ಅಜ್ಜ ಅಜ್ಜಿ ಇಲ್ಲದ ಹಿಂದೂ ಮಕ್ಕಳನ್ನು ಪಾದ್ರಿಗಳ ವಶಕ್ಕೆ ಒಪ್ಪಿಸಬೇಕೆಂಬ ರಾಜಾಜ್ಞೆ 1559ರಲ್ಲಿ ಲಿಸ್ಬನ್ನಿನಿಂದ ಹೊರಟಿತು. ಸಾಷ್ಟಿಯ ಅಪೊಸ್ತಲನೆಂದೇ ಹೆಸರಾದ ಮಾನುಯೆಲ್ ಗೋಮ್ಸ್ ಬಾಂದ್ರಾ, ಕೊಂಡಿವಿಟೆಗಳ ಸುತ್ತ ಸಾಮೂಹಿಕವಾಗಿ ಜ್ಞಾನಸ್ನಾನ ಕೊಡಿಸಿದ. ಇದರಲ್ಲಿ ಎಷ್ಟು ಪಾಲು ಬಲವಂತ, ಎಷ್ಟು ಪಾಲು ಆಸೆ, ಎಷ್ಟು ಪಾಲು ನಂಬಿಕೆ ಎಂದು ಇವತ್ತು ತೂಗಿ ಬೇರ್ಪಡಿಸಲಾಗದು. ಗೇಣಿ ಮಾಫಿಯ ಸುಳಿವು ಸಿಕ್ಕ ರೈತ, ಊರಗೌಡನ ಹಿಂದೆ ನಡೆದ ಒಕ್ಕಲು, ಕಾಯಿಲೆ ಬಿದ್ದಾಗ ಆರೈಕೆ ಮಾಡಿದ ಪಾದ್ರಿಗೆ ಮನಸೋತ ವಿಧವೆ, ಎಲ್ಲರೂ ಒಂದೇ ತೊಟ್ಟಿಯ ನೀರಿಗೆ ತಲೆಯೊಡ್ಡಿರಬೇಕು.

ಪೋರ್ಚುಗೀಸ್ ಆಡಳಿತಕ್ಕೇ ತನ್ನ ಕೆಲಸದ ಬಗ್ಗೆ ನಂಬಿಕೆಯಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗೋವೆಯಲ್ಲಿ 1560ರಲ್ಲಿ ಇನ್ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾಯಿತು. ಅದರ ಕಣ್ಣು ವಸಯಿ ಪ್ರಾಂತದ ಮೇಲೂ ಇತ್ತು. ಈ ಇನ್ಕ್ವಿಸಿಷನ್ 1736ರ ಏಪ್ರಿಲಿನಲ್ಲಿ ಗೋವೆಯಲ್ಲಿ ಹೊರಡಿಸಿದ ಆಜ್ಞಾಪತ್ರವನ್ನು ಓದಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಮದುವೆಯಲ್ಲಿ ಸೋಬಾನೆ ಹಾಡಬಾರದು. ಮದುಮಕ್ಕಳಿಗೆ ಅರಿಸಿನ, ತೆಂಗಿನೆಣ್ಣೆ ಹಚ್ಚಿ ಮೀಯಿಸಬಾರದು. ಬೀಗರ ಮನೆಗೆ ವೀಳ್ಯದೆಲೆ, ಅಡಿಕೆ, ಹೂವು ಕಳಿಸಬಾರದು. ಉಪ್ಪಿಲ್ಲದೆ ಅನ್ನ ಬೇಯಿಸಬಾರದು. ಹಿತ್ತಿಲಲ್ಲಿ ತುಳಸಿ ಬೆಳೆಸಬಾರದು. ಗಂಡಸರು ಪಂಚೆ, ಹೆಂಗಸರು ಚೋಳಿ ತೊಡಬಾರದು. ಕ್ರೈಸ್ತನೆಂದರೆ ಇವನ್ನೆಲ್ಲ ಬಿಟ್ಟವನು ಎಂಬುದು ಆಜ್ಞೆ ಮಾಡಿದವರ ತಿಳಿವಳಿಕೆ. ಆದರೆ ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ಮತಾಂತರವಾಗಿ ಎರಡು ಶತಮಾನವಾಗುತ್ತ ಬಂದರೂ ಜನ ಅರಿಸಿನ ಹಚ್ಚುತ್ತಲೇ ಇದ್ದರು ಎಂಬುದಕ್ಕೆ ಆ ಆಜ್ಞೆಗಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಅದು ಎಷ್ಟು ಕೆಲಸ ಮಾಡಿತು ಎಂಬುದಕ್ಕೂ ಸಾಕ್ಷಿಯಿದೆ. ಗೋವೆಯಿಂದ ಬಂದು ನೆಲೆಸಿದ ಮಂಗಳೂರಿನ ಕೆಥೊಲಿಕರ ಮನೆಯಲ್ಲಿ ಮದುವೆಯ ಮುನ್ನಾದಿನ ಇವತ್ತಿಗೂ ರೋಸ್ ನಡೆಯುತ್ತದೆ. ತೆಂಗಿನಹಾಲು, ಎಣ್ಣೆ ನೆತ್ತಿಗೆ ಸುರಿಯದೆ ಮದುವೆ ಮುಂದೆ ಸಾಗುವುದಿಲ್ಲ. ಅಂಧೇರಿ, ಬಾಂದ್ರಾ, ವಸಯಿಯ ಹಳೆಯ ಕ್ರೈಸ್ತರಲ್ಲಿ ಅದೇ ಹೊತ್ತಿಗೆ ಉಂಬರಾಚಾ ಪಾಣಿ ಇದೆ: ವಾದ್ಯದೊಂದಿಗೆ ಬಾವಿಗೆ ಹೋಗಿ ನೀರು ಸೇದಿ ತಂದು ಮದುಮಕ್ಕಳಿಗೆ ಮೀಯಿಸುವುದು. ಹೆಸರಿನಲ್ಲೇ ಅತ್ತಿಮರ ಇದೆ. ಇನ್ಕ್ವಿಸಿಷನ್ 1812ರಲ್ಲಿ ಮುಚ್ಚಿಹೋಯಿತು, ಬಾವಿಯ ನೀರು ಉಳಿಯಿತು.

ಇದನ್ನು ಹಿಡಿದೇ ಮೊದಲನೆಯ ಆಕ್ಷೇಪ ಬರುತ್ತದೆ. ಹಾಗಾದರೆ ಇವರು ಶಿಲುಬೆ ಕಟ್ಟಿಕೊಂಡ ಹಿಂದೂಗಳಲ್ಲವೆ? ಆ ಮಾತನ್ನು ಒಪ್ಪಬೇಕಾದರೆ ಅರಿಸಿನ, ಅತ್ತಿಮರ, ಹೊಸ ತೆನೆ, ಇವೆಲ್ಲ ಒಂದು ಧರ್ಮದ ಖಾಸಗಿ ಸೊತ್ತು ಎಂದು ಮೊದಲು ಒಪ್ಪಬೇಕು. ನನಗೆ ಅವು ಊರಿನ ಸೊತ್ತಾಗಿ ಕಾಣುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ತೆನೆ ತಂದು ದೇವರ ಮುಂದಿಡದ ಜನ ಪಶ್ಚಿಮ ಕರಾವಳಿಯಲ್ಲಿ ಯಾರಿದ್ದಾರೆ? ತುಳುನಾಡಿನ ಮನೆಗಳಲ್ಲಿ ಕದಿರು ಕಟ್ಟುತ್ತಾರೆ. ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಮಾತೆ ಮರಿಯಳಿಗೆ ಹೂ ಹಾಕಿ, ಪಾದ್ರಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳನ್ನು ಪಾಯಸಕ್ಕೋ ಹಾಲಿಗೋ ಸೇರಿಸಿ ಹಂಚಿಕೊಂಡು ಉಣ್ಣುತ್ತಾರೆ. ಆ ಹಬ್ಬವನ್ನು ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಶುರುಮಾಡಿದ ಎಂದು ಹೇಳುತ್ತಾರೆ. ಅಂಧೇರಿ ಕಡೆಯವರಿಗೆ ಅದೇ ಹಬ್ಬ ಅಕ್ಟೋಬರಿನ ಮೊದಲ ಭಾನುವಾರದ ಆಗೆರಾ. ಗದ್ದೆ ಇದ್ದಾಗ ಹೊಲದಿಂದಲೇ ಮೆರವಣಿಗೆ ಹೊರಡುತ್ತಿತ್ತು. ಗದ್ದೆಗಳ ಮೇಲೆ ಕಟ್ಟಡಗಳು ಎದ್ದ ಮೇಲೆ ತೆನೆಯನ್ನು ಎಲ್ಲಿಂದಲಾದರೂ ತರಿಸಿ, ಎತ್ತಿನ ಗಾಡಿಯಲ್ಲೋ ಕೈಯಲ್ಲೋ ಹಿಡಿದು ಇಗರ್ಜಿಗೆ ಒಯ್ಯುತ್ತಾರೆ. ಬೆಳೆಯೇ ಇಲ್ಲದವನು ಬೆಳೆಗೆ ಕೃತಜ್ಞತೆ ಹೇಳುವುದು ವಿಚಿತ್ರವೆನ್ನಬಹುದು. ಆದರೆ ದೇವರಿಗೆ ಒಪ್ಪಿಸಿದ್ದನ್ನು ಹಂಚಿಕೊಂಡು ಉಣ್ಣುವುದು ಕ್ರೈಸ್ತ ಪೂಜೆಯ ನಡುಮನೆಯಲ್ಲೇ ಇರುವ ಕ್ರಿಯೆ. ರೊಟ್ಟಿ ಮುರಿದು ಹಂಚುವ ಆ ಕ್ರಿಯೆಯನ್ನು ಭತ್ತ ಬೆಳೆಯುವ ನಾಡು ತನ್ನ ಕಾಳಿನಲ್ಲಿ ಅರ್ಥ ಮಾಡಿಕೊಂಡಿದ್ದರೆ ಅದರಲ್ಲಿ ಬೆರಕೆಯೇನಿದೆ? 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಕಟ್ಟಿದ ಜೆಸುಯಿಟ್ ಲಿಯೊನಾರ್ದೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲಿ ಬರೆದು, ಸನ್ಯಾಸಿಯ ವೇಷದಲ್ಲಿ ಓಡಾಡಿದ್ದು ಈ ವಿವೇಕದಿಂದಲೇ. ರೋಮ್ ಆ ವಿವೇಕವನ್ನು ಪೂರ್ತಿ ಒಪ್ಪಲಿಲ್ಲ. 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ ಇಂಥ ಆಚಾರಗಳ ಮೇಲಿನ ನಿರ್ಬಂಧವನ್ನು ಬಿಗಿಗೊಳಿಸಿ ಆಜ್ಞೆ ಹೊರಡಿಸಿದರು. ಮೇಲಿನವರು ಕ್ರೈಸ್ತತನವನ್ನು ಬಿಟ್ಟುಬಿಡಬೇಕಾದ ವಸ್ತುಗಳ ಪಟ್ಟಿಯಾಗಿಯೇ ಕಂಡರು.

ನಿಜವಾದ ಪರೀಕ್ಷೆ ಬಂದದ್ದು ಮರಾಠರ ಕಾಲದಲ್ಲಿ. 1737ರಲ್ಲಿ ಠಾಣೆ ಬಿತ್ತು, 1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪಾನ ಮುತ್ತಿಗೆಗೆ ವಸಯಿಯ ಕೋಟೆ ಶರಣಾಯಿತು. ಪೋರ್ಚುಗೀಸ್ ಕುಟುಂಬಗಳು, ಯುರೋಪಿನ ಪಾದ್ರಿಗಳು ಗೋವೆಯ ಹಡಗು ಹತ್ತಿದರು. ಇಗರ್ಜಿಗಳ ಕಂಚಿನ ಗಂಟೆಗಳು ಆನೆ, ಗಾಡಿಗಳ ಮೇಲೆ ದಖ್ಖನಿನ ದೇವಾಲಯಗಳಿಗೆ ಹೋದವು. ಭೀಮಾಶಂಕರದಲ್ಲಿ, ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿ ಅವನ್ನು ಈಗಲೂ ನೋಡಬಹುದು. ದೊರೆ ಹೋದ, ದೊರೆಯ ದುಡ್ಡು ಹೋಯಿತು, ಇನ್ಕ್ವಿಸಿಷನ್ನಿನ ಭಯವೂ ಹೋಯಿತು. ನೀರು ಹಾಕಿಸಿಕೊಂಡದ್ದು ಗೇಣಿ ಮಾಫಿಗಾಗಿಯಾಗಿದ್ದರೆ ಆ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಆದರೂ ಊರುಗಳು ಕ್ರೈಸ್ತವಾಗಿಯೇ ಉಳಿದವು. ಗೋವೆಯ ದೇಶೀ ಪಾದ್ರಿಗಳು ಊರಿಂದ ಊರಿಗೆ ನಡೆದು ಪೂಜೆ ಸಲ್ಲಿಸಿದರು. ಮರಾಠರೂ ಇದನ್ನು ತಡೆಯಲಿಲ್ಲವೆಂದು ಹೇಳಲೇಬೇಕು. ವಸಯಿಯ ಶರಣಾಗತಿಯ ಕರಾರಿನಲ್ಲೇ ಉಳಿದ ಕ್ರೈಸ್ತರ ಆರಾಧನೆಗೆ ಅಡ್ಡಿಯಿಲ್ಲ ಎಂಬ ಮಾತಿತ್ತು. ಪಾರಸಿಗಳ ಧರ್ಮಗ್ರಂಥ ಅವೆಸ್ತಾವನ್ನು ಯುರೋಪಿಗೆ ಪರಿಚಯಿಸಿದ ಫ್ರೆಂಚ್ ವಿದ್ವಾಂಸ ಆಂಕೆತಿಲ್ ದ್ಯುಪೆರೋನ್ 1760ರ ಕೊನೆಯಲ್ಲಿ ಸಾಷ್ಟಿಯಲ್ಲಿ ಸುತ್ತಾಡಿದ. ಠಾಣೆಯಲ್ಲಿ ಆತ ಕಂಡದ್ದು ಕಪ್ಪು ಮೈಬಣ್ಣದ ದೇಶೀ ಪಾದ್ರಿಗಳು ನಡೆಸುತ್ತಿದ್ದ, ಸಾವಿರಾರು ಕ್ರೈಸ್ತರು ನೆರೆದಿದ್ದ ಹಬ್ಬ. ಪೋರ್ಚುಗೀಸರು ಹೋಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಬ್ರಿಟಿಷರು ಸಾಷ್ಟಿಯನ್ನು ಹಿಡಿದದ್ದು 1774ರ ಡಿಸೆಂಬರಿನಲ್ಲಿ. ಹಾಗಾಗಿ ಸುಮಾರು ಮೂರೂವರೆ ದಶಕ, ಒಂದು ತಲೆಮಾರಿಗೂ ಹೆಚ್ಚು ಕಾಲ, ಈ ಜನ ಯಾವ ಕ್ರೈಸ್ತ ದೊರೆಯ ನೆರಳೂ ಇಲ್ಲದೆ ಕ್ರೈಸ್ತರಾಗಿದ್ದರು. ಕೊಂಡಿವಿಟೆಯ ಇಗರ್ಜಿಯ ಗೋಡೆಗಳಲ್ಲಿ ಜೆಸುಯಿಟರ ಕೆಲಸ ಕಾಣುತ್ತದೆ. ಆ ಇಗರ್ಜಿ 1840ರವರೆಗೆ ಬಳಕೆಯಲ್ಲಿ ಉಳಿದದ್ದು ರೈತರ ಕೆಲಸ.

ಉಳಿಯದೆ ಬೇರೆ ದಾರಿಯಿರಲಿಲ್ಲ, ಜಾತಿ ಕೆಟ್ಟವರನ್ನು ಹಿಂದೂ ಸಮಾಜ ಮರಳಿ ಸೇರಿಸಿಕೊಳ್ಳುತ್ತಿರಲಿಲ್ಲ, ಅದಕ್ಕೇ ಇದ್ದಲ್ಲೇ ಇದ್ದರು ಎನ್ನುವುದು ಎರಡನೆಯ ಆಕ್ಷೇಪ. ಇದು ಗಟ್ಟಿ ಆಕ್ಷೇಪ, ಆದರೆ ಪೂರ್ತಿ ನಿಜವಲ್ಲ. 1882ರ ಠಾಣೆ ಜಿಲ್ಲಾ ಗೆಜೆಟಿಯರಿನಲ್ಲಿ ಉರಪ್ ಆಗ್ರಿ ಎಂಬ ಒಂದು ಗುಂಪಿನ ಪ್ರಸ್ತಾಪವಿದೆ. ಉಪ್ಪಿನ ಗದ್ದೆ, ಭತ್ತದ ಗದ್ದೆಗಳಲ್ಲಿ ದುಡಿಯುವ ಆಗ್ರಿಗಳಲ್ಲಿ ಕ್ರೈಸ್ತರಾಗಿದ್ದ ಕೆಲವರು 1820ರ ದಶಕದಲ್ಲಿ ಹಿಂದೂ ಧರ್ಮಕ್ಕೆ ಮರಳಿದ್ದರು. ಬಾಗಿಲು ತೆರೆದಿತ್ತು, ಕೆಲವರು ಅದರಿಂದ ಹೊರಗೆ ನಡೆದರು ಎಂದಾಯಿತು. ನಡೆಯದೆ ಉಳಿದವರದ್ದು ಬರೀ ಅಸಹಾಯಕತೆಯಲ್ಲ, ಅದರಲ್ಲಿ ಆಯ್ಕೆಯ ಪಾಲೂ ಇತ್ತು. ಆದರೆ ಅದೇ ಗೆಜೆಟಿಯರಿನಲ್ಲಿ ಇನ್ನೊಂದು ವಿವರವಿದೆ: ಮರಳಿ ಬಂದವರೊಡನೆ ಉಳಿದ ಆಗ್ರಿಗಳು ಹೆಣ್ಣು ಕೊಟ್ಟು ತಂದು ಮಾಡುತ್ತಿರಲಿಲ್ಲ. ಪುರೋಹಿತ ಒಬ್ಬನೇ, ಪಂಕ್ತಿ ಬೇರೆ. ಈ ವಿವರವನ್ನು ಇಲ್ಲಿಗೇ ಬಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಕರಾವಳಿಯ ಓದುಗರಿಗೆ ಇಂಥ ಪರೀಕ್ಷೆಯ ಇನ್ನೊಂದು ಕಥೆ ಗೊತ್ತೇ ಇದೆ. 1784ರ ಬೂದಿ ಬುಧವಾರದ ದಿನ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಹತ್ತಾರು ಸಾವಿರ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರೆಷ್ಟೋ. ಇಗರ್ಜಿಗಳನ್ನು ಕೆಡವಿದ್ದಾಯಿತು. 1799ರಲ್ಲಿ ಬದುಕುಳಿದವರು ಇಳಿದು ಬಂದಾಗ ಭೂಮಿ ಬೇರೆಯವರ ಕೈಯಲ್ಲಿತ್ತು, ಪಾದ್ರಿಗಳು ಬೆರಳೆಣಿಕೆಯಷ್ಟು. ಆದರೂ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1811ರಲ್ಲಿ ಮತ್ತೆ ಎದ್ದಿತು. ಈ ಎರಡು ಕಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದೂ ಹೇಳಬೇಕು. ಟಿಪ್ಪುವಿನದು ಯುದ್ಧಕಾಲದ ಸೆರೆ. ಮರಾಠರದು ಬಹುಪಾಲು ಉದಾಸೀನ. ಉದಾಸೀನದಲ್ಲಿ ಉಳಿಯುವುದು ಒಂದು ಅರ್ಥದಲ್ಲಿ ಹೆಚ್ಚು ಕಷ್ಟ. ಹಿಂಸೆ ಜನರನ್ನು ಒಟ್ಟಿಗೆ ಬಿಗಿಯುತ್ತದೆ, ಯಾರೂ ಕೇಳದೆ ಇರುವುದು ಸಡಿಲಿಸುತ್ತದೆ. ಪಾದ್ರಿ ತಿಂಗಳಿಗೊಮ್ಮೆ ಬರುವ ಊರಿನಲ್ಲಿ ಮಗುವಿಗೆ ಪ್ರಾರ್ಥನೆ ಕಲಿಸಿದವಳು ಅಜ್ಜಿ. ಸತ್ತವನ ಹೆಣ ಮಣ್ಣು ಮಾಡಿಸಿದವರು ನೆರೆಹೊರೆಯವರು. ಆ ದಶಕಗಳಲ್ಲಿ ಕ್ರೈಸ್ತನಾಗಿರುವುದೆಂದರೆ ಈ ಕೆಲಸಗಳನ್ನು ಬಿಡದೆ ಮಾಡುವುದೇ ಆಗಿತ್ತು. ಬೇರೆ ಏನಾಗಿರಲು ಸಾಧ್ಯವಿತ್ತು?

ಬ್ರಿಟಿಷರ ಕಾಲದ್ದು ಅಷ್ಟು ಹೆಮ್ಮೆಪಡುವ ಕಥೆಯಲ್ಲ. ಮುಂಬಯಿಯ ಕೆಥೊಲಿಕರ ಮೇಲೆ ಯಾರ ಅಧಿಕಾರ ನಡೆಯಬೇಕು, ಗೋವೆಯ ಆರ್ಚ್‌ಬಿಷಪ್ಪರದ್ದೇ ಅಥವಾ ರೋಮ್ ನೇರವಾಗಿ ಕಳಿಸಿದ ಬಿಷಪ್ಪರದ್ದೇ ಎಂಬ ಜಗಳ 1720ರಲ್ಲಿ ಶುರುವಾಗಿ, 1794ರಲ್ಲಿ ಇಗರ್ಜಿಗಳನ್ನು ಇಬ್ಬರಿಗೂ ಹಂಚುವವರೆಗೆ ಹೋಯಿತು. 1853ರಲ್ಲಿ ಮಾಹಿಮಿನ ಸಂತ ಮೈಕೇಲರ ಇಗರ್ಜಿಯ ಸಲುವಾಗಿ ಬಿಷಪ್ ಹಾರ್ಟ್‌ಮನ್ ಒಳಗೆ ಬಾಗಿಲು ಹಾಕಿಕೊಂಡು ಕೂತರೆ ಹೊರಗೆ ಎದುರು ಪಕ್ಷದವರು ಮುತ್ತಿಗೆ ಹಾಕಿದ್ದರು. ಈ ಇಬ್ಬಂದಿ ಆಡಳಿತ ಪೂರ್ತಿ ತೀರಿದ್ದು 1928ರ ಒಪ್ಪಂದದಿಂದ. ದೇವರನ್ನು ಒಂದೇ ರೀತಿ ನಂಬುವ, ಒಂದೇ ಲ್ಯಾಟಿನ್ ಪೂಜೆ ಕೇಳುವ ಜನ ಯಾವ ಬಿಷಪ್ಪನ ಕೈಕೆಳಗೆ ಎಂದು ಬಡಿದಾಡಿದ್ದನ್ನು ಹೊರಗಿನವರು ನೋಡಿ ನಕ್ಕಿರಬೇಕು. ಇಲ್ಲಿಯ ಪ್ರಶ್ನೆ ನಂಬಿಕೆಯದಲ್ಲ, ಯಜಮಾನಿಕೆಯದು. ಕ್ರೈಸ್ತನಾರು ಎಂಬ ಪ್ರಶ್ನೆಗೆ ಅದರಿಂದ ಸಿಗುವ ಉತ್ತರ ಕಡಿಮೆ.

ಅದೇ ಶತಮಾನದ ಕೊನೆಯಲ್ಲಿ ಬಂದ ಪ್ಲೇಗಿನಿಂದ ಹೆಚ್ಚು ತಿಳಿಯುತ್ತದೆ. 1896ರಲ್ಲಿ ಮಾಂಡವಿಯ ಬಂದರಿನ ಬಳಿ ಕಾಣಿಸಿಕೊಂಡ ರೋಗ ಮುಂಬಯಿಯ ದೊಡ್ಡ ಪಾಲನ್ನು ಖಾಲಿ ಮಾಡಿಸಿತು. ಬಾಂದ್ರಾ, ಗಿರ್ಗಾಂವ್ ಮತ್ತು ಉಪನಗರದ ಹಳೆಯ ಕ್ರೈಸ್ತ ಊರುಗಳ ಮೂಲೆಗಳಲ್ಲಿ ಇಂದು ಕಾಣುವ ಕಲ್ಲಿನ ಶಿಲುಬೆಗಳಲ್ಲಿ ಹಲವು ಆ ವರ್ಷಗಳವು. ಮೊಣಕಾಲೆತ್ತರದಿಂದ ಆಳೆತ್ತರದವರೆಗಿನ ಕಟ್ಟೆ, ಅದರ ಮೇಲೆ ಶಿಲುಬೆ, ಕಟ್ಟೆಯ ಮುಖದಲ್ಲಿ ಇಸವಿ. ಮೇಣ ಕರಗಿ ಕಪ್ಪಾದ ಗೂಡು, ಚೆಂಡುಹೂವಿನ ಹಾರ. ಇಗರ್ಜಿಗೆ ಹೋಗಿ ಸೇರುವುದು ಅಪಾಯವಾದಾಗ ಕೇರಿಯವರು ತಮ್ಮ ಓಣಿಯಲ್ಲೇ ನಿಂತು ಜಪಮಾಲೆ ಹೇಳಿದ ಜಾಗಗಳು ಇವು. ಸಾಷ್ಟಿಯ ಕ್ರೈಸ್ತತನ ಪಾದ್ರಿಯಿಲ್ಲದೆಯೂ ನಡೆಯಬಲ್ಲದು ಎಂದು ಮರಾಠರ ಕಾಲದಲ್ಲಿ ಕಲಿತದ್ದು ಪ್ಲೇಗಿನಲ್ಲಿ ಕೆಲಸಕ್ಕೆ ಬಂತು ಎಂದರೆ ತಪ್ಪಾಗದು. ಶಿಲುಬೆಯ ಮುಂದೆ ಹೂ ಇಡುವವರಲ್ಲಿ, ಹಾದುಹೋಗುತ್ತ ಕೈಮುಗಿಯುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಬಾಂದ್ರಾದ ಮೌಂಟ್ ಮೇರಿಯ ಸೆಪ್ಟೆಂಬರ್ ಜಾತ್ರೆಯಲ್ಲಿ ಮೇಣದ ಕೈಕಾಲು, ಮೇಣದ ಮನೆ ಹರಕೆ ಒಪ್ಪಿಸುವವರಲ್ಲೂ ಹಾಗೆಯೇ. ಅವರನ್ನೆಲ್ಲ ಕ್ರೈಸ್ತರೆನ್ನಲಾಗದು. ಹರಕೆ ಹೊರುವುದು ಒಂದು ಸಂಬಂಧ, ಊರಿನ ಹೆಣ ಹೊರುವುದು ಇನ್ನೊಂದು. ನಾನು ಹೇಳುತ್ತಿರುವುದು ಎರಡನೆಯದನ್ನು.

ಮೂರನೆಯ ಆಕ್ಷೇಪ ಕ್ರೈಸ್ತರ ಒಳಗಿನಿಂದಲೇ ಬರುತ್ತದೆ, ಅದು ನನ್ನ ವಾದದ ಬುಡಕ್ಕೇ ಕೈ ಹಾಕುತ್ತದೆ. ಊರು, ಹಬ್ಬ, ಹೆಣ, ಗದ್ದೆ, ಇದೆಲ್ಲ ಸಮಾಜಶಾಸ್ತ್ರವಾಯಿತು. ಕ್ರಿಸ್ತನ ಮಾತು ಒಬ್ಬೊಬ್ಬನನ್ನೇ ಹೆಸರು ಹಿಡಿದು ಕರೆಯುತ್ತದೆ, ಹುಟ್ಟಿನಿಂದ ಯಾರೂ ಕ್ರೈಸ್ತರಾಗುವುದಿಲ್ಲ ಎನ್ನುವ ಆಕ್ಷೇಪ ಅದು. ಇದಕ್ಕೆ ಮುಂಬಯಿಯಲ್ಲೇ ದೊಡ್ಡ ಉದಾಹರಣೆಯಿದೆ. ಚಿತ್ಪಾವನ ಬ್ರಾಹ್ಮಣ ಕವಿ ನಾರಾಯಣ ವಾಮನ ಟಿಳಕ 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಓದಿ, ಯೋಚಿಸಿ, ಹೆಂಡತಿ ಮತ್ತು ಬಂಧುಗಳನ್ನು ತೊರೆಯಬೇಕಾಗಿ ಬಂದರೂ ಹಿಂಜರಿಯದೆ ಆದ ತೀರ್ಮಾನ ಅದು. (ಹೆಂಡತಿ ಲಕ್ಷ್ಮೀಬಾಯಿ ಕೆಲವು ವರ್ಷಗಳ ಮೇಲೆ ತಾವೂ ಕ್ರೈಸ್ತರಾದರು, ಆ ಬದುಕನ್ನು ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲೊಂದಾಗಿ ಬರೆದರು.) ಟಿಳಕರ ಮುಂದೆ ಕೊಂಡಿವಿಟೆಯ ಅನಾಮಿಕ ರೈತನನ್ನು ನಿಲ್ಲಿಸಿದರೆ ಯಾರು ನಿಜವಾದ ಕ್ರೈಸ್ತ? ಟಿಳಕರೇ ಎನ್ನುವವರಿಗೆ ಅವರ ಕೊನೆಯ ವರ್ಷಗಳನ್ನು ನೆನಪಿಸಬೇಕು. 1917ರಲ್ಲಿ ಅವರು ಮಿಷನ್ನಿನ ಸಂಬಳವನ್ನು ಬಿಟ್ಟು ದೇವಾಚಾ ದರಬಾರ್ ಎಂಬ ಕೂಟ ಕಟ್ಟಲು ಹೊರಟರು. ದೀಕ್ಷೆ ಪಡೆದವರೂ ಪಡೆಯದವರೂ ಒಟ್ಟಿಗೆ ಕೂರುವ ಕೂಟ. ಅಷ್ಟು ಒಂಟಿಯಾಗಿ ತೀರ್ಮಾನ ಮಾಡಿದ ಮನುಷ್ಯನಿಗೂ ಒಂಟಿಯಾಗಿ ಕ್ರೈಸ್ತನಾಗಿ ಇರಲು ಆಗಲಿಲ್ಲ, ಮಿಷನ್ ಕೊಟ್ಟ ಸಮುದಾಯ ಸಾಲದೆ ತನ್ನದೇ ಸಮುದಾಯ ಬೇಕಾಯಿತು. ರೈತ ಸಮುದಾಯದಿಂದ ನಂಬಿಕೆಯ ಕಡೆ ನಡೆದ, ಕವಿ ನಂಬಿಕೆಯಿಂದ ಸಮುದಾಯದ ಕಡೆ ನಡೆದರು. ಕವಿಯ ದಾರಿ ಹೆಚ್ಚು ಹೊಳೆಯುತ್ತದೆ, ಒಪ್ಪುತ್ತೇನೆ. ಆದರೆ ಹೊಳೆಯದ ದಾರಿಯಲ್ಲಿ ನಡೆದವರು ಲಕ್ಷಗಟ್ಟಲೆ, ಅವರನ್ನು ಲೆಕ್ಕದಿಂದ ಬಿಟ್ಟು ಬರೆದ ಕ್ರೈಸ್ತತನದ ವ್ಯಾಖ್ಯೆ ಪಂಡಿತರಿಗಷ್ಟೇ ಸಾಲುತ್ತದೆ.

ಈಗ ಸೋತ ಜಾಗ. ಠಾಣೆಯ ಗೆಜೆಟಿಯರ್ ಬರೆದವರು ಕ್ರೈಸ್ತರ ಬಗ್ಗೆ ಹೇಳುವಾಗ ಅವರಲ್ಲಿ ಭಂಡಾರಿ, ಕೋಳಿ, ಕುಣಬಿ, ಕುಂಬಾರ ಎಂಬ ಹಳೆಯ ಪಂಗಡಗಳು ಹಾಗೇ ಉಳಿದಿದ್ದವು, ಮದುವೆ ಆಯಾ ಪಂಗಡದ ಒಳಗೇ ನಡೆಯುತ್ತಿತ್ತು ಎಂದು ದಾಖಲಿಸಿದರು. ಮಂಗಳೂರಿನವರೂ ನಗಬೇಕಾಗಿಲ್ಲ, ಬಾಮಣ್, ಚಾರೋಡಿ, ಶುದಿರ್ ಎಂಬ ವಿಂಗಡಣೆ ಗೋವೆಯಿಂದ ಹೊತ್ತು ತಂದದ್ದು, ಘಟ್ಟ ಹತ್ತಿ ಇಳಿದರೂ ಕಳಚಿ ಬೀಳಲಿಲ್ಲ. ಅರಿಸಿನ, ವೀಳ್ಯದೆಲೆಗಳನ್ನು ಹೆಸರಿಟ್ಟು ಹುಡುಕಿ ನಿಷೇಧಿಸಿದ ಇನ್ಕ್ವಿಸಿಷನ್ನಿನ ಕೋಪ ಈ ಏಣಿಯ ಮೇಲೆ ಅಷ್ಟು ತಿರುಗಲಿಲ್ಲ. ತುಳಸಿಗಿಡ ಕಿತ್ತವರು ಪಂಕ್ತಿಭೇದವನ್ನು ಉಳಿಸಿದರು. ಕ್ರಿಸ್ತನ ಬೋಧನೆಗೆ ಇವೆರಡರಲ್ಲಿ ಯಾವುದು ವಿರುದ್ಧ ಎಂದು ಸುವಾರ್ತೆಯನ್ನು ಒಮ್ಮೆ ಓದಿದ ಯಾರಿಗೂ ಗೊತ್ತಾಗುತ್ತದೆ. ಅಲ್ಲಿ ಕೊನೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಹಸಿದವನು, ಬಟ್ಟೆಯಿಲ್ಲದವನು, ಪರದೇಶಿ, ಸೆರೆಯಾಳು ಇವರ ಬಗ್ಗೆ. ಅಡುಗೆಗೆ ಉಪ್ಪು ಹಾಕಿದ್ದರ ಬಗ್ಗೆ ಅಲ್ಲ. ಇಲ್ಲಿಯೇ ಉರಪ್ ಆಗ್ರಿಗಳ ವಿವರ ಬೇಕಾಗುವುದು. ಕ್ರೈಸ್ತರಾದಾಗಲೂ ಮದುವೆಯ ಬೇಲಿ ದಾಟಲಿಲ್ಲ, ಮರಳಿ ಹಿಂದೂಗಳಾದಾಗಲೂ ದಾಟಲಾಗಲಿಲ್ಲ. ಎರಡೂ ಧರ್ಮದವರು ಒಂದೇ ಕಲ್ಲಿಗೆ ಎಡವಿದರು. ಜಾತಿ ಬಿಡದವರು ಕ್ರೈಸ್ತರೇ ಅಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಆ ಅಳತೆಗೆ ಯುರೋಪಿನ ಎಷ್ಟು ಊರುಗಳು ಉಳಿದಾವು? ಅವರು ಕ್ರೈಸ್ತರೇ, ತಮ್ಮ ಧರ್ಮ ಕೇಳಿದ್ದರಲ್ಲಿ ದೊಡ್ಡದೊಂದನ್ನು ಕೊಡದೆ ಉಳಿಸಿಕೊಂಡ ಕ್ರೈಸ್ತರು ಎಂಬುದೇ ನನಗೆ ನಿಜಕ್ಕೆ ಹತ್ತಿರವಾಗಿ ಕಾಣುತ್ತದೆ.

ಇದೇ ಬೇಲಿ 19ನೆಯ ಶತಮಾನದ ಕೊನೆಯಲ್ಲಿ ಹೊಸ ರೂಪದಲ್ಲಿ ಎದ್ದಿತು. ರೈಲು, ಗಿರಣಿ, ಬಂದರುಗಳ ಕೆಲಸಕ್ಕೆ ಗೋವೆಯ ಮತ್ತು ಮಂಗಳೂರಿನ ಕ್ರೈಸ್ತರು ಮುಂಬಯಿಗೆ ಬಂದಿಳಿದಾಗ, ಅದುವರೆಗೆ ಪೋರ್ಚುಗೀಸ್ ಕ್ರೈಸ್ತರೆಂದು ಕರೆಸಿಕೊಳ್ಳುತ್ತಿದ್ದ ಇಲ್ಲಿಯ ಮೂಲದವರು, ವಿಕ್ಟೋರಿಯಾ ರಾಣಿಯ 1887ರ ಸುವರ್ಣ ಮಹೋತ್ಸವದ ಹೊತ್ತಿಗೆ, ಈಸ್ಟ್ ಇಂಡಿಯನ್ ಎಂಬ ಹೆಸರಿಟ್ಟುಕೊಂಡು ಸಂಘ ಕಟ್ಟಿದರು. ಕಂಪನಿ ಸರಕಾರದ ಹಳೆಯ ನಂಬುಗೆಯ ಪ್ರಜೆಗಳು ತಾವು, ಸರಕಾರಿ ನೌಕರಿ ಮೊದಲು ತಮಗೆ ಸಲ್ಲಬೇಕು ಎಂಬುದು ಅದರ ಒಳಗಿನ ಲೆಕ್ಕ. ಬದುಕಿನ ಒತ್ತಡದಲ್ಲಿ ಅದು ಅರ್ಥವಾಗುವಂಥದ್ದೇ. ಆದರೆ ಒಂದೇ ಪೂಜಾಪೀಠದ ಮುಂದೆ ಮಂಡಿಯೂರುವವರಲ್ಲಿ ನಾವು, ಅವರು ಎಂಬ ಗೆರೆ ಆಗ ಗಾಢವಾಯಿತು. ಅದೇ ಸಮುದಾಯದಲ್ಲಿ ಹುಟ್ಟಿದ ಮಾಝಗಾಂವಿನ ಜೋಸೆಫ್ ಬ್ಯಾಪ್ಟಿಸ್ಟಾ, ಜನರ ಬಾಯಲ್ಲಿ ಕಾಕಾ ಬ್ಯಾಪ್ಟಿಸ್ಟಾ, ಬೇರೆ ದಾರಿ ಹಿಡಿದರು. ಲೋಕಮಾನ್ಯ ಟಿಳಕರ ಒಡನಾಡಿಯಾಗಿ, 1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಹುಟ್ಟಿದಾಗ ಅದರ ಅಧ್ಯಕ್ಷರಾದರು. ಗಿರಣಿ ಕಾರ್ಮಿಕರ, ಅಂಚೆ ನೌಕರರ ಪರ ನಿಂತರು. 1925ರಲ್ಲಿ ಮುಂಬಯಿಯ ಮೇಯರ್ ಆದರು. ಕ್ರೈಸ್ತರೆಂದರೆ ದೊರೆಯ ಮಂದಿ ಎಂಬ ಮಾತಿಗೆ ಸಾಷ್ಟಿಯ ರೈತರು ಮರಾಠರ ಕಾಲದಲ್ಲಿ ಸುಮ್ಮನಿದ್ದು ಕೊಟ್ಟ ಉತ್ತರವನ್ನು ಬ್ಯಾಪ್ಟಿಸ್ಟಾ ವೇದಿಕೆ ಹತ್ತಿ ಕೊಟ್ಟರು.

ಮರೋಳ, ಚಕಾಲಾ, ಅಂಬೋಲಿ, ಸಹಾರದ ಹಳೆಯ ಊರುಗಳ ಸುತ್ತ ಇಂದು ಪಂಗಡದ ಬೇಲಿ ಬಹಳ ಮಟ್ಟಿಗೆ ಸವೆದಿದೆ. ಭಾನುವಾರದ ಪೂಜೆಗೆ ಈಸ್ಟ್ ಇಂಡಿಯನ್ನರ ಪಕ್ಕದ ಬೆಂಚಿನಲ್ಲಿ ಮಂಗಳೂರಿನವರು, ಗೋವೆಯವರು, ತಮಿಳರು, ಮಲಯಾಳಿಗಳು ಕೂರುತ್ತಾರೆ, ಮಕ್ಕಳು ಒಂದೇ ಕಾನ್ವೆಂಟಿನಲ್ಲಿ ಓದುತ್ತಾರೆ, ಕೆಲವರು ಒಬ್ಬರನ್ನೊಬ್ಬರು ಮದುವೆಯೂ ಆಗುತ್ತಾರೆ. ಇದನ್ನು ಸುವಾರ್ತೆಯ ಗೆಲುವೆಂದು ಪಾದ್ರಿಗಳು ಹೇಳಿಕೊಂಡರೆ ನಾನು ಒಪ್ಪಲಾರೆ. ನಾನೂರು ವರ್ಷ ಪ್ರವಚನ ಮಾಡಿದರೂ ಆಗದ್ದನ್ನು ಲೋಕಲ್ ರೈಲು, ಬಾಡಿಗೆ ಮನೆ, ಇಂಗ್ಲಿಷ್ ಶಾಲೆಗಳು ಐವತ್ತು ವರ್ಷದಲ್ಲಿ ಮಾಡಿದವು. ಜಾತಿಯ ಜೊತೆಗೇ ಸಾಷ್ಟಿಯವರ ಮರಾಠಿ ಆಡುನುಡಿಯೂ ಮದುವೆಯ ಹಾಡುಗಳೂ ಕರಗುತ್ತಿವೆ, ಮಂಗಳೂರಿನವರ ಮಕ್ಕಳ ಕೊಂಕಣಿಯೂ ಅಷ್ಟೇ. ಇನ್ಕ್ವಿಸಿಷನ್ ನಾಶಮಾಡಲು ಹೊರಟು ಸೋತದ್ದನ್ನು ನಗರ ಯಾರನ್ನೂ ಕೇಳದೆ ಮಾಡುತ್ತಿದೆ, ಇನ್ಕ್ವಿಸಿಷನ್ ಮುಟ್ಟದೆ ಬಿಟ್ಟದ್ದನ್ನೂ ಮಾಡುತ್ತಿದೆ. ನಗರ ಕಳಚಿಕೊಟ್ಟ ಬೇಲಿಯನ್ನು ಮತ್ತೆ ಕಟ್ಟದೆ ಇರುವುದು ಮಾತ್ರ ಇನ್ನು ಅಲ್ಲಿಯ ಕ್ರೈಸ್ತರ ಕೈಯಲ್ಲಿದೆ. ಹಳೆಯ ಊರಿನವರಿಗೂ ಹೊಸ ಬಾಡಿಗೆದಾರರಿಗೂ ನಡುವೆ ಹಬ್ಬದ ಯಜಮಾನಿಕೆಯ ಮಾತು ಬಂದಾಗಲೆಲ್ಲ ಆ ಪ್ರಶ್ನೆ ಏಳುತ್ತದೆ.